ಹೊಸ ತೆನೆ

ದೇವಾಲಯಕ್ಕೂ ಗದ್ದೆಯ ಕೆಸರಿಗೂ ಏನು ಸಂಬಂಧವೆಂದು ಕೇಳುವ ಕ್ರೈಸ್ತ ಬಂಧುಗಳು ಈಗಲೂ ಉಂಟು. ಗಿಡಮರಗಳ ಯೋಚನೆ ಅರಣ್ಯ ಇಲಾಖೆಯವರದು, ಆತ್ಮದ ಯೋಚನೆ ಗುರುಗಳದು ಎಂದು ಅವರು ಕೆಲಸವನ್ನು ಹಂಚಿಬಿಟ್ಟಿರುತ್ತಾರೆ. ಅವರೊಡನೆ ವಾದಕ್ಕೆ ನಿಲ್ಲುವ ಪಾಂಡಿತ್ಯ ನನಗಿಲ್ಲ. ಆದರೆ ಸೆಪ್ಟೆಂಬರ್ 8ನೆಯ ತಾರೀಖು ಸಮೀಪಿಸಿತೆಂದರೆ, ಬ್ಯಾಕೋಡಿನ ಕಡೆಯ ನಮ್ಮಂತಹ ಮನೆಗಳಲ್ಲಿ ಈ ಪ್ರಶ್ನೆ ತಾನಾಗಿಯೇ ಬಂದು ಜಗಲಿಯ ಮೇಲೆ ಕುಳಿತುಕೊಳ್ಳುತ್ತದೆ.

ಆ ದಿನ ಕನ್ಯಾಮರಿಯಮ್ಮನವರ ಜನ್ಮೋತ್ಸವ. ಕೊಂಕಣಿ ಮಾತಾಡುವ ಕರಾವಳಿಯ ಕಥೋಲಿಕರು ಅದನ್ನು ಮೊಂತಿ ಹಬ್ಬವೆನ್ನುವರು. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ದೇವಾಲಯದಲ್ಲಿ, 18ನೆಯ ಶತಮಾನದಲ್ಲಿ, ಜೋಕಿಂ ಮಿರಾಂದರೆಂಬ ಗುರುಗಳು ಇದಕ್ಕೆ ಮೊದಲುಮಾಡಿದರೆಂದು ಪ್ರತೀತಿ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಬೇಲಿಯ ಹೂ, ಬದುವಿನ ಹೂಗಳನ್ನು ಬುಟ್ಟಿಯಲ್ಲಿ ತುಂಬಿ ಮಾತೆಗೆ ಅರ್ಪಿಸುವರು. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಮಂತ್ರಿಸಿ ಮನೆಮನೆಗೆ ಹಂಚುವರು. ಮನೆಯ ಹಿರಿಯರು ಕಾಳು ಸುಲಿದು, ಅರೆದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಅಂದಿನ ಎಲೆಯ ಮೇಲೆ ಮೀನುಮಾಂಸವಿರುವುದಿಲ್ಲ. ತರಕಾರಿಯ ಪದಾರ್ಥಗಳು ಮಾತ್ರ, ಅವೂ ಬೆಸಸಂಖ್ಯೆಯಲ್ಲಿ.

ಹಬ್ಬ ಕರಾವಳಿಯ ಪಂಚಾಂಗಕ್ಕೆ ಹೊಂದಿಕೊಂಡದ್ದು. ಅಲ್ಲಿ ಬೇಗನೆ ಬಿತ್ತಿದ ಪೈರು ಸೆಪ್ಟೆಂಬರಿಗೆ ಕಾಳುಕಟ್ಟಿರುತ್ತದೆ. ಘಟ್ಟದ ಮೇಲಿನ ನಮ್ಮ ಗದ್ದೆಗಳಲ್ಲಿ ಆಗಿನ್ನೂ ಬರಿಯ ಹಸುರು. ಆದುದರಿಂದ ಕುಂದಾಪುರದ ಕಡೆಯ ನನ್ನ ತವರಿನಿಂದ ಅಣ್ಣ ಪ್ರತಿವರ್ಷವೂ ಬಸ್ಸಿನಲ್ಲಿ ತೆನೆಯ ಕಟ್ಟನ್ನು ಕಳುಹಿಸುತ್ತಿದ್ದನು. 2024ರಲ್ಲಿ ಕಟ್ಟಿನೊಡನೆ ಒಂದು ಮಾತೂ ಬಂದಿತು: ಗದ್ದೆಯನ್ನು ಮಾರಿಯಾಯಿತು, ಅಲ್ಲಿ ಮನೆಯ ನಿವೇಶನಗಳಾಗುತ್ತವೆ, ಮುಂದಿನ ಸಲಕ್ಕೆ ಬೇರೆ ಏರ್ಪಾಡು ನೋಡಿಕೊಳ್ಳಿ.

ಬೇರೆ ಏರ್ಪಾಡೆಂದರೆ ನಮ್ಮ ಮನೆಯ ಮುಂದಿನ ಇಪ್ಪತ್ತು ಗುಂಟೆ ಗದ್ದೆ. ಆದರೆ ಅದೇ ವರ್ಷ ನಮ್ಮ ಯಜಮಾನರು ಅದಕ್ಕೆ ಅಡಕೆ ಸಸಿ ಹಾಕುವುದೆಂದು ನಿಶ್ಚಯಿಸಿದ್ದರು. ಅವರ ಲೆಕ್ಕವೂ ಸುಳ್ಳಲ್ಲ. ಭತ್ತದಲ್ಲಿ ಕೂಲಿಯ ಹಣವೂ ಹುಟ್ಟುವುದಿಲ್ಲ. ಸಾಗರ ಸೀಮೆಯಲ್ಲಿ ಎಷ್ಟೋ ಗದ್ದೆಗಳು ಹೀಗೆಯೇ ತೋಟಗಳಾದವು. ಆದರೆ ಈ ಲೆಕ್ಕದಲ್ಲಿ ಬಾವಿ ಸೇರಿರುವುದಿಲ್ಲ. ಭತ್ತದ ಗದ್ದೆ ಮಳೆಗಾಲವೆಲ್ಲ ನೀರನ್ನು ಮಡಿಲಲ್ಲಿ ಹಿಡಿದುಕೊಂಡು ಮೆಲ್ಲಮೆಲ್ಲನೆ ನೆಲಕ್ಕೆ ಇಳಿಸತಕ್ಕದ್ದು. ಅಡಕೆಗೆ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕಾಗಿ ಬಸಿಗಾಲುವೆ ತೋಡಿ ಬಿದ್ದ ಮಳೆಯನ್ನು ಹೊರಗೆ ಕಳುಹಿಸಬೇಕು. ಬೇಸಗೆಯಲ್ಲಿ ಅದೇ ತೋಟಕ್ಕೆ ನೀರನ್ನು ಮೇಲೆತ್ತಬೇಕು. ಕೊಡ ಹಿಡಿದು ಬಾವಿಕಟ್ಟೆಗೆ ಹೋಗುವವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ನೆಲ ಕೈತಪ್ಪಿಹೋಗುವುದು ಏನೆಂಬುದನ್ನು ಈ ಸೀಮೆಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ನೀರು ಸಮುದ್ರಮಟ್ಟದಿಂದ 1819 ಅಡಿಯವರೆಗೆ ಏರಿ ನಿಲ್ಲುವಂತಾದಾಗ, ಊರುಗಳೂ ಗದ್ದೆಗಳೂ ಕಾಡೂ ಮುಳುಗಿದವು. ಬೇಸಗೆಯಲ್ಲಿ ಹಿನ್ನೀರು ಇಳಿದರೆ ಅಂದಿನ ಮರಗಳ ಮೋಟುಗಳು ಇಂದಿಗೂ ತಲೆಯೆತ್ತುತ್ತವೆ. ಆ ಗದ್ದೆಗಳು ನಾಡಿಗೆ ವಿದ್ಯುತ್ತು ಬೇಕೆಂದು ಹೋದವು. ಈಗಿನವು ನಮ್ಮ ಕೈಯಿಂದಲೇ ಹೋಗುತ್ತಲಿವೆ.

ನೆರೆಮನೆಯ ದೀವರ ಹೆಂಗಸು ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಅದರಲ್ಲಿ ಅಡಿಗೆ ತುಂಬಿಕೊಂಡು ಹೋಗಿ, ಬಸುರಿಯಾದ ಭೂತಾಯಿಗೆ ಗದ್ದೆಯಲ್ಲಿಯೇ ಬಡಿಸಿಬರುವಾಕೆ. ನಮ್ಮ ಮನೆಯ ಮಾತು ಅವಳ ಕಿವಿಗೂ ಬಿದ್ದಿತ್ತು. “ಅಕ್ಕಾ, ನಿಮ್ಮ ಮಾತೆಗೂ ನಮ್ಮ ಭೂಮ್ತಾಯಿಗೂ ಬೇಕಾದ್ದು ಗದ್ದೆಯೇ. ಅದನ್ನೂ ತೋಟ ಮಾಡಿದರೆ ಇಬ್ಬರಿಗೂ ಅಂಗಡಿ ಅಕ್ಕಿಯೇ ಗತಿ” ಎಂದಳು. ಇಷ್ಟು ನೇರವಾದ ಪ್ರಸಂಗವನ್ನು ನಾನು ಪೀಠದ ಮುಂದೆಯೂ ಕೇಳಿದ್ದಿಲ್ಲ.

ಪೀಠದ ಮುಂದೆ ಕೇಳುವುದಕ್ಕೆ ಸಾಮಗ್ರಿಯೇನೂ ಕಡಿಮೆಯಿಲ್ಲ. ಮೊದಲ ಮನುಷ್ಯನಿಗೆ ದೇವರು ವಹಿಸಿದ ಮೊದಲ ಕೆಲಸ ತೋಟವನ್ನು ಸಾಗುವಳಿಮಾಡಿ ಕಾಯುವುದೆಂದು ಆದಿಕಾಂಡ ಹೇಳುತ್ತದೆ. ಏಳನೆಯ ವರ್ಷ ನೆಲಕ್ಕೂ ಬಿಡುವು ಕೊಡಬೇಕೆಂದು ಯಾಜಕಕಾಂಡದಲ್ಲಿದೆ. ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ಪರಿಪತ್ರದಲ್ಲಿ 246 ಪರಿಚ್ಛೇದಗಳಿವೆ. ನನಗೆ ಹಿಡಿಸಿದ್ದು 211ನೆಯದು. ಉಣ್ಣುವಷ್ಟೇ ಅಡಿಗೆ ಮಾಡುವುದು, ನೀರನ್ನು ಹಿಡಿತದಲ್ಲಿ ಬಳಸುವುದು, ಕಸವನ್ನು ಬೇರ್ಪಡಿಸುವುದು, ಗಿಡ ನೆಡುವುದು, ಬೇಡದ ದೀಪವನ್ನು ಆರಿಸುವುದು—ಇವೆಲ್ಲ ಅಲ್ಲಿ ಬರುತ್ತವೆ. ರೋಮಿನಲ್ಲಿ ಕುಳಿತು ಬರೆದವರು ಒಮ್ಮೆಯಾದರೂ ಅಡಿಗೆಮನೆಯೊಳಗೆ ಇಣಿಕಿ ನೋಡಿದ್ದಾರೆಂದು ಸಂತೋಷವಾಯಿತು. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಪೂರ್ವದ ಆರ್ಥಡಾಕ್ಸ್ ಸಭೆಯವರು 1989ರಲ್ಲಿಯೇ ಗೊತ್ತುಮಾಡಿದ್ದರು. 2015ರಿಂದ ಕಥೋಲಿಕರೂ ಅದನ್ನು ಆಚರಿಸುತ್ತಿರುವರು. ಅಂದು ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಆ ಸಸಿಗೆ ಫೆಬ್ರವರಿಯಲ್ಲಿ ನೀರೆರೆದವರ ಛಾಯಾಚಿತ್ರವನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಗದ್ದೆಯ ವಿಷಯವನ್ನು ಯಜಮಾನರೇ ಧರ್ಮಕೇಂದ್ರದ ಸಭೆಯಲ್ಲಿ ಎತ್ತಿದರು. ತೆನೆ ಎಲ್ಲರಿಗೂ ಬೇಕು, ನಷ್ಟ ಮಾತ್ರ ಒಂದು ಮನೆಗೆ ಎಂದರೆ ಅದು ಯಾವ ನ್ಯಾಯ ಎಂದು ಅವರು ಕೇಳಿದ್ದಕ್ಕೆ ಯಾರೂ ಎದುರಾಡಲಿಲ್ಲ. ಪಾಳುಬಿದ್ದ ಗದ್ದೆಗಳನ್ನು ಕರಾವಳಿಯ ಕೆಲವು ಚರ್ಚುಗಳವರು ಒಟ್ಟಾಗಿ ಸಾಗುವಳಿಮಾಡಿರುವ ಸಂಗತಿಯನ್ನು ಗುರುಗಳು ತಿಳಿಸಿದರು. ಕೊನೆಗೆ ಹತ್ತು ಗುಂಟೆ ಅಡಕೆಗೆ, ಹತ್ತು ಗುಂಟೆ ಹಬ್ಬಕ್ಕೆ ಎಂದಾಯಿತು. ಹಬ್ಬದ ಗದ್ದೆಗೆ ಕೂಲಿಯವರಿಲ್ಲ. ಮನೆಗೊಬ್ಬರಂತೆ ಬಂದು ನಾಟಿಮಾಡತಕ್ಕದ್ದು. ಬಾವಿಯ ಮಗ್ಗುಲಲ್ಲಿರುವುದರಿಂದ ಅದಕ್ಕೆ ಕಳೆನಾಶಕ ಹೊಡೆಯಬಾರದೆಂದು ನಾನು ಹಟಹಿಡಿದೆನು.

2025ರಲ್ಲಿ ರೋಹಿಣಿ ಮಳೆಗೇ ಅಲ್ಪಾವಧಿಯ ಭತ್ತವನ್ನು ಅಗೆಹಾಕಿದೆವು. ನಾಟಿಗೆ ಹನ್ನೊಂದು ಜನ ಬಂದರು. ಅವರಲ್ಲಿ ನಾಲ್ವರು ಮಕ್ಕಳು, ಮಕ್ಕಳ ಸಾಲುಗಳನ್ನು ಮರುದಿನ ಸರಿಪಡಿಸಬೇಕಾಯಿತು. ಪೈರು ಹೂಕಟ್ಟುವ ಕಾಲಕ್ಕೆ ಮಳೆ ಬಿಡುವು ಕೊಡದೆ ಅರ್ಧಕ್ಕರ್ಧ ಜೊಳ್ಳಾಯಿತು. ಹಾಗಿದ್ದೂ ಮನೆಗೊಂದರಂತೆ ಹಂಚಿ ಒಂದು ಹಿಡಿ ತೆನೆ ಉಳಿದವು. ಊಟಕ್ಕೆ ಪ್ಲಾಸ್ಟಿಕ್ ಲೇಪದ ತಟ್ಟೆಗಳನ್ನು ಸಾಗರದಿಂದ ತರಿಸುವ ಮಾತು ಬಂದಿತ್ತು. ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿದೆಯಷ್ಟೆ. ಅಡಕೆಯ ಹಾಳೆ ತೋಟದಲ್ಲಿ ಕೊಳೆಯುತ್ತ ಬಿದ್ದಿರುವಾಗ ಇದೇನು ಸಂಭ್ರಮವೆಂದು ಹಿರಿಯರೊಬ್ಬರು ಗದರಿದರು. ಹಾಳೆಯ ತಟ್ಟೆಯಲ್ಲಿಯೇ ಬಡಿಸಿದೆವು. ಉಳಿದ ತೆನೆಗಳಲ್ಲಿ ಎರಡನ್ನು ನೆರೆಮನೆಯಾಕೆ ಕೇಳಿ ಪಡೆದಳು. ಮಿಕ್ಕವನ್ನು ಬಾಗಿಲ ಮೇಲೆ ಕಟ್ಟಿದ್ದೇನೆ. ಗುಬ್ಬಚ್ಚಿಗಳು ಆಗಲೇ ಕಂಡುಹಿಡಿದಿವೆ.