ಗೂಡಿನ ಪಟ

ಶ್ರೀನಿವಾಸಪುರದ ಸೀಮೆಯಲ್ಲಿ ಬೇಸಗೆಯೆಂದರೆ ಮಾವಿನ ಕಾಲ. ಯಲ್ದೂರಿನ ಸುತ್ತಣ ತೋಪುಗಳಲ್ಲಿ ತೋತಾಪುರಿ, ಬಾದಾಮಿ, ಬೇನಿಷಾ ಮರಗಳು ಕಾಯಿಯ ಭಾರಕ್ಕೆ ಬಾಗಿರುವಾಗಲೇ ಹಕ್ಕಿಗಳ ಸಂಸಾರವೂ ಅಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅಂತಹ ಒಂದು ತೋಪಿನ ಬೇಲಿಯಂಚಿನ ನಿಂಬೆಯ ಗಿಡದಲ್ಲಿ ಪಿಕಳಾರಗಳ ಜೋಡಿಯೊಂದು ಗೂಡು ಕಟ್ಟಿದ್ದಿತು. ಅದರ ಪಟವನ್ನು ತೆಗೆದ ತರುಣನು ಊರಿನ ನಿವೃತ್ತ ಉಪಾಧ್ಯಾಯರೊಬ್ಬರ ತಂಗಿಯ ಮಗ, ಇರುವುದು ಶ್ರೀನಿವಾಸಪುರದಲ್ಲಿ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಬಹುಕಾಲ ಬತ್ತಿದ್ದ ಕೆರೆಯಂಗಳಗಳಲ್ಲಿ ಕೊಕ್ಕರೆಗಳು ಇಳಿಯುವುದನ್ನು ನೋಡುತ್ತ ನೋಡುತ್ತ ಅವನಿಗೆ ಕ್ಯಾಮರಾದ ಗೀಳು ಹತ್ತಿದ್ದಿತು.

ಪಟವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸೋದರಮಾವನ ಪಡಸಾಲೆಗೆ ತಂದನು. ಗೂಡಿನ ಅಂಚಿನಲ್ಲಿ ನಿಂತ ಹಕ್ಕಿ ಎರಡು ರೆಕ್ಕೆಗಳನ್ನೂ ಅರ್ಧ ಬಿಚ್ಚಿದೆ. ಅದರ ಕೆಳಗೆ ಮೂರು ಮರಿಗಳು ಬಾಯ್ದೆರೆದಿವೆ. ಗರಿಗರಿಯನ್ನೂ ಎಣಿಸಬಹುದಾದಂತಹ ಸ್ಫುಟತೆ. ಕೆಳಗೆ "ಮಾತೃವಾತ್ಸಲ್ಯ" ಎಂದು ಬರೆಸಿದ್ದನು. ಒಂದು ಸ್ಪರ್ಧೆಯಲ್ಲಿ ಅದಕ್ಕೆ ಪ್ರಶಂಸಾಪತ್ರವೂ ದೊರೆತಿದ್ದಿತು. ಮನೆಯವರು ಮೆಚ್ಚಿದರು, ನೆರೆಯವರು ಮೆಚ್ಚಿದರು. ಮೇಷ್ಟರ ಹೆಂಡತಿಯಂತೂ ಕಣ್ಣಂಚನ್ನು ಒರೆಸಿಕೊಂಡರು. ಇಂತಹ ಹೊಗಳಿಕೆಯು ನಮ್ಮ ಕಡೆಯಲ್ಲಿ ಮನೆಗೆ ಬಂದವರಿಗೆ ಕೊಡುವ ಕಾಫಿಯಂತೆ; ಕೊಡದಿದ್ದರೆ ಅಮರ್ಯಾದೆ, ಕೊಟ್ಟರೆ ಅದರಲ್ಲಿ ವಿಶೇಷವಿಲ್ಲ. ಆದರೆ ಅದನ್ನು ಕುಡಿದವನಿಗೆ ಅದು ಹಾಗೆ ತೋರುವುದಿಲ್ಲ.

ಮೇಷ್ಟರು ಮಾತ್ರ ಕನ್ನಡಕವನ್ನು ಹಣೆಗೇರಿಸಿ ಪಟವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಹೊತ್ತಿಗೆ ತೆಗೆದೆಯೋ?"

"ಹನ್ನೊಂದೂವರೆ ಇರಬಹುದು, ಮಾವ."

"ನಿಂಬೆಯ ಗಿಡದೊಳಕ್ಕೆ ಇಷ್ಟು ಬಿಸಿಲು ಹೇಗೆ ಬಂತು?"

"ನಾಲ್ಕು ರೆಂಬೆ ಅಡ್ಡ ಇದ್ದವು. ಸವರಿದೆ."

"ಮರಿಗಳು?"

ಹುಡುಗನು ತುಸು ತಡೆದು, "ಮರುದಿನ ಹೋದಾಗ ಗೂಡು ಬರಿದಾಗಿತ್ತು. ಕೆಂಬೂತ ಇರಬೇಕು" ಎಂದನು.

"ಹಾಗಾದರೆ ಇದನ್ನು ಗೋಡೆಗೆ ಹಾಕಬೇಡ. ಕೊಲೆಯ ಪಟಕ್ಕೆ ಕಟ್ಟು ಬೇರೆ ಕೇಡು!"

ಹತ್ತು ಮಂದಿಯ ಮುಂದೆ ಆಡಿದ ಮಾತು. ತರುಣನು ಪಟವನ್ನು ಅಲ್ಲಿಯೇ ಬಿಟ್ಟು ಎದ್ದು ಹೋದನು. ಆಮೇಲೆ ಸುಮಾರು ಒಂದು ವರ್ಷ ಅವನು ಯಲ್ದೂರಿನ ಕಡೆ ತಲೆ ಹಾಕಲಿಲ್ಲ. ಕ್ಯಾಮರಾ ಪೆಟ್ಟಿಗೆಯಿಂದ ಹೊರಕ್ಕೆ ಬರಲಿಲ್ಲವೆಂದು ಅವನ ತಾಯಿ ಹೇಳಿ ಕಳುಹಿಸಿದಳು.

ಮೇಷ್ಟರು ಕಂಡುದರಲ್ಲಿ ತಪ್ಪಿರಲಿಲ್ಲ. ಆ ಪಟವು ತನ್ನ ಕಥೆಯನ್ನು ತಾನೇ ಹೇಳುತ್ತಿದ್ದಿತು. ನೆರಳು ಮೊಟಕಾಗಿ ಕಪ್ಪಗೆ ಬಿದ್ದುದರಿಂದ ನಡುಹಗಲೆಂದು ತಿಳಿಯುತ್ತಿದ್ದಿತು. ಆಹಾರವನ್ನು ಬೇಡುವ ಮರಿಯು ಕತ್ತನ್ನು ಮೇಲಕ್ಕೆ ನೀಡಿ ಕೊಕ್ಕನ್ನು ಅಗಲಿಸುತ್ತದೆ; ಈ ಮರಿಗಳ ಕತ್ತುಗಳು ಗೂಡಿನ ಅಂಚಿಗೆ ಒರಗಿದ್ದುವು. ಅವು ಬಾಯ್ದೆರೆದಿದ್ದುದು ಹಸಿವೆಗಲ್ಲ, ಝಳಕ್ಕೆ. ಹಕ್ಕಿಗೆ ಬೆವರಿಲ್ಲ, ಬಿಸಿಲು ತಾಕಿದ ಮರಿಯು ಏದುಸಿರಿನಿಂದಲೇ ಮೈಯನ್ನು ತಣಿಸಿಕೊಳ್ಳಬೇಕು. ದೊಡ್ಡ ಹಕ್ಕಿಯ ಕೊಕ್ಕಿನಲ್ಲಿ ಹುಳುವಿರಲಿಲ್ಲ. ಅದು ರೆಕ್ಕೆ ಬಿಚ್ಚಿ ನಿಂತುದು ಸವರಿಹೋದ ರೆಂಬೆಗಳ ಕೆಲಸವನ್ನು ತಾನು ಮಾಡುವುದಕ್ಕಾಗಿ. ವಾತ್ಸಲ್ಯವೆಂದು ಎಲ್ಲರೂ ಮೆಚ್ಚಿದುದು ವಾತ್ಸಲ್ಯವೇ ಸರಿ. ಆದರೆ ಅದನ್ನು ಹಾಗೆ ನಿಲ್ಲುವಂತೆ ಮಾಡಿದವನು ಪಟ ತೆಗೆದವನು. ಪಿಕಳಾರದಲ್ಲಿ ಗಂಡುಹೆಣ್ಣುಗಳಿಗೆ ನೋಟದಲ್ಲಿ ಭೇದವಿಲ್ಲವಾದುದರಿಂದ "ಮಾತೃ" ಎಂಬುದೂ ಊಹೆಯೇ. ರೆಂಬೆಗಳು ಹೋದ ಮೇಲೆ ಸೂರ್ಯನಿಗೆ ಕಂಡ ಗೂಡು ಕೆಂಬೂತಕ್ಕೂ ಕಂಡಿತು.

ಇದು ನೀತಿಯ ಮಾತು ಮಾತ್ರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಯನ್ನು ಕೆಡಿಸುವುದನ್ನೂ ಗೂಡನ್ನು ಕದಲಿಸಿ ಬಾಧಿಸುವುದನ್ನೂ "ಬೇಟೆ" ಎಂಬ ಶಬ್ದದ ಅರ್ಥದೊಳಗೇ ಸೇರಿಸಿದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳೂ ಜೀವಿಯ ಕ್ಷೇಮವು ಯಾವ ಪಟಕ್ಕಿಂತಲೂ ಹೆಚ್ಚಿನದೆಂದು ನಿಯಮ ಮಾಡಿಕೊಂಡಿವೆ. ಕೋಲಾರದವರಿಗೆ ಇದನ್ನು ಹೊರಗಿನವರು ಹೇಳಬೇಕಾದುದಿಲ್ಲ. 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕೋಲಾರದ ಎಲೆಮೂಗಿನ ಬಾವಲಿಯು ಇದೇ ಜಿಲ್ಲೆಯ ಹನುಮನಹಳ್ಳಿಯ ಗವಿಯಲ್ಲಲ್ಲದೆ ಬೇರೆಡೆ ನೆಲಸಿರುವುದು ತಿಳಿದಿಲ್ಲ. ಅಂತಹ ಗವಿಗೆ ದೀಪ ಹಿಡಿದು ನುಗ್ಗುವವನ ಪಟ ಎಷ್ಟು ಚೆನ್ನಾಗಿದ್ದರೇನು?

ಆದರೂ ಹಳೆಯವರ ವಿಷಯದಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಹಕ್ಕಿಗಳ ಛಾಯಾಗ್ರಹಣವು ಹುಟ್ಟಿದುದೇ ಗೂಡುಗಳ ಬಳಿಯಲ್ಲಿ. 1900ರ ಸುಮಾರಿನಲ್ಲಿ ಇಂಗ್ಲೆಂಡಿನ ಕೀರ್ಟನ್ ಸೋದರರು ಎತ್ತಿನ ತೊಗಲನ್ನು ಹೊದಿಸಿದ ಪೊಳ್ಳು ಬೊಂಬೆಯೊಳಗೆ ಅಡಗಿ ಕುಳಿತು ಪಟ ತೆಗೆದರು. ಸಿಂಗಪುರದ ಲೋಕ್ ವಾನ್ ಥೋ ಸಾಲಿಂ ಅಲಿಯವರೊಡನೆ ಭರತಖಂಡದಲ್ಲಿ ಸಂಚರಿಸಿದಾಗಲೂ ಗೂಡಿನ ಎತ್ತರಕ್ಕೆ ಅಟ್ಟ ಕಟ್ಟಿಸಿ ಅದರ ಮೇಲಿನ ಮರೆಯಲ್ಲಿ ಕಾದರು. ದೂರವನ್ನು ಸೆಳೆಯುವ ಮಸೂರಗಳು ಆಗ ಸುಲಭವಿರಲಿಲ್ಲ. ಹಕ್ಕಿಯು ತಪ್ಪದೆ ಹಿಂದಿರುಗುವ ಎಡೆ ಗೂಡೊಂದೇ. ಅಡ್ಡ ಬಂದ ರೆಂಬೆಯನ್ನು ಕಡಿಯದೆ ದಾರದಿಂದ ಹಿಂದಕ್ಕೆ ಕಟ್ಟಿ, ಕೆಲಸ ಮುಗಿದೊಡನೆ ಬಿಚ್ಚಿಬಿಡುವುದು ಬಲ್ಲವರ ಪದ್ಧತಿಯಾಗಿದ್ದಿತು. ನಿಂಬೆಗಿಡದ ಮುಂದೆ ನಿಂತ ತರುಣನಿಗೆ ಹಳೆಯವರ ಆ ಇಕ್ಕಟ್ಟೂ ಇರಲಿಲ್ಲ, ದಾರದ ವಿಷಯವನ್ನು ಯಾರೂ ಹೇಳಿಯೂ ಇರಲಿಲ್ಲ.

ಹೇಳುವವರು ಬೇಕು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳರಿಗೆ ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರು ದೊರೆತಿದ್ದರು. ಪೆರುಮಾಳರು 2017ರಲ್ಲಿ ತೀರಿಕೊಳ್ಳುವುದರೊಳಗಾಗಿ ತಾವೂ ಎಷ್ಟೋ ಮಂದಿ ಕಿರಿಯರ ಕೈಯನ್ನು ತಿದ್ದಿದರು. 1971ರಲ್ಲಿ ಅಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಕೂಟಗಳಿಂದ ಹೊಸಬರಿಗೆ ಬಲ್ಲವರ ಒಡನಾಟ ದೊರೆಯುತ್ತದೆ. ಬಲ್ಲವರೂ ಮೋಸ ಹೋಗುವುದುಂಟು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮಿನವರು 2017ರಲ್ಲಿ ಬಹುಮಾನವಿತ್ತ ಒಂದು ಪಟದಲ್ಲಿ, ಬ್ರೆಜಿಲ್ ದೇಶದ ಹುತ್ತವೊಂದನ್ನು ರಾತ್ರಿಯಲ್ಲಿ ಮುತ್ತಲು ಬಂದಿದ್ದ ಇರುವೆಬಾಕವು ಜೀವವಿಲ್ಲದ, ಹುಲ್ಲು ತುಂಬಿದ ಗೊಂಬೆಯೆಂಬ ಸಂದೇಹ ಹುಟ್ಟಿ, ಐವರು ವಿಜ್ಞಾನಿಗಳು ಮೈಯ ಪಟ್ಟೆ, ಜುಟ್ಟು, ನಿಲುವುಗಳನ್ನು ಹೋಲಿಸಿ ನೋಡಿದ ಮೇಲೆ 2018ರಲ್ಲಿ ಬಹುಮಾನವನ್ನು ಹಿಂತೆಗೆದುಕೊಂಡರು. ಬೆಳಕು ನೆರಳುಗಳನ್ನು ಬಲ್ಲ ಕಣ್ಣು ಮೊದಲು ತೀರ್ಪು ಕೊಟ್ಟಿದ್ದಿತು. ಪ್ರಾಣಿಯನ್ನು ಬಲ್ಲ ಕಣ್ಣು ಅದನ್ನು ತಿದ್ದಿತು.

ಯಲ್ದೂರಿನ ಮೇಷ್ಟರಿಗೆ ಹಕ್ಕಿಯನ್ನು ಬಲ್ಲ ಕಣ್ಣಿದ್ದಿತು. ಅದರ ಜೊತೆಗೆ ಮೂವತ್ತೈದು ವರ್ಷ ಮಕ್ಕಳನ್ನು ಗದರಿದ ನಾಲಗೆಯೂ ಇದ್ದಿತು. ಕತ್ತಿನ ನಿಲುವು, ನೆರಳಿನ ಉದ್ದ, ಬರಿದಾದ ಕೊಕ್ಕು, ಇವುಗಳಲ್ಲಿ ಒಂದನ್ನೂ ಅವರು ಹುಡುಗನಿಗೆ ತೋರಿಸಲಿಲ್ಲ. ಕಂಡುದನ್ನೆಲ್ಲ ತಮ್ಮಲ್ಲಿಯೇ ಇಟ್ಟುಕೊಂಡು ಶಿಕ್ಷೆಯನ್ನು ಮಾತ್ರ ಹೊರಕ್ಕೆ ಹಾಕಿದರು. ಒಂದು ಸಂಜೆ ಹೆಂಡತಿ ದೀಪ ಹಚ್ಚುತ್ತ, "ಮರಿ ಸತ್ತಿದ್ದಕ್ಕೆ ಅವನ ಮುಖ ಆಗಲೇ ಬಾಡಿತ್ತು. ನೀವು ನೋಡಿದ್ದು ಪಟವನ್ನ, ಅವನ ಮುಖ ನೋಡಲಿಲ್ಲ" ಎಂದರು. ಮೇಷ್ಟರು ಉತ್ತರ ಹೇಳಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಬೆಳಗಿನ ಬಸ್ಸು ಹತ್ತಿ ತಂಗಿಯ ಮನೆಗೆ ಹೋದರು. "ತೋಪಿನಲ್ಲಿ ಪಿಕಳಾರ ಮತ್ತೆ ನಾರು ಹೊರುತ್ತಿದೆ. ನನಗೆ ದೂರದ್ದು ಕಾಣುವುದಿಲ್ಲ. ಬಂದು ನೋಡಿ ಹೇಳಪ್ಪ" ಎಂದರು. ಕ್ಷಮೆಯ ಮಾತನ್ನು ಆ ವಂಶದಲ್ಲಿ ಇದಕ್ಕಿಂತ ಬಿಡಿಸಿ ಹೇಳಿದವರಿಲ್ಲ.

ಅವನು ಬಂದನು. ಇಬ್ಬರೂ ಹಲವು ಮುಂಜಾವುಗಳಲ್ಲಿ ಬದುವಿನ ಮೇಲೆ, ಗೂಡಿಗೆ ಬಹುದೂರದಲ್ಲಿ ಕುಳಿತರು. ಅವನು ತೆಗೆದುದನ್ನು ಮೇಷ್ಟರು ಅಲ್ಲಿಯೇ ನೋಡಿ, ಇದೇಕೆ, ಅದೇಕೆ ಎಂದು ಕೇಳುವರು. ಅವನು ಬೆಳಕಿನ ಲೆಕ್ಕವನ್ನು ತಿಳಿಸುವನು.

ಅಂತಹ ಒಂದು ದಿನ ಮನೆಗೆ ಹಿಂದಿರುಗಿದ ತರುಣನು ಪಡಸಾಲೆಯ ಗೋಡೆಯ ಮುಂದೆ ನಿಂತನು. ಅಲ್ಲಿ ಮೂವತ್ತು ವರ್ಷಕ್ಕೂ ಹಿಂದಿನದೊಂದು ಪಟವಿದ್ದಿತು: ಶಾಲೆಯ ಮೇಜಿನ ಮೇಲೆ ಹಾಲಕ್ಕಿಯ ಮರಿ, ಸುತ್ತಲೂ ಬೆರಗಿನಿಂದ ಬಾಗಿದ ಮಕ್ಕಳು, ನಡುವೆ ಕಪ್ಪು ಮೀಸೆಯ ಮೇಷ್ಟರು.

"ಮಾವ, ಈ ಮರಿಯನ್ನು ಆಮೇಲೆ ಎಲ್ಲಿ ಬಿಟ್ಟಿರಿ?"

ಕೇಳಿದುದರಲ್ಲಿ ಕೊಂಕಿರಲಿಲ್ಲ. ಮೇಷ್ಟರು ಕನ್ನಡಕವನ್ನು ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಬಿಡಲಿಲ್ಲ. ಪೊಟರೆಯಿಂದ ತೆಗೆಸಿದ್ದೆ, ಪಾಠಕ್ಕೆಂದು. ಎರಡು ದಿನ ಇತ್ತು" ಎಂದರು. ಅಷ್ಟು ವರ್ಷಗಳಲ್ಲಿ ಆ ಪಟವನ್ನು ನೋಡಿ ಮೆಚ್ಚಿದವರು ನೂರಾರು ಮಂದಿ. ಆ ಪ್ರಶ್ನೆಯನ್ನು ಕೇಳಿದವರು ಯಾರೂ ಇಲ್ಲ. ಮೇಷ್ಟರೂ ಕೇಳಿಕೊಂಡಿರಲಿಲ್ಲ.

ಆ ವರ್ಷದ ಪಟದಲ್ಲಿ ಗೂಡಿಲ್ಲ. ಹಸಿರು ಕಂಬಳಿಹುಳುವನ್ನು ಕಚ್ಚಿಕೊಂಡ ಪಿಕಳಾರವು ಎಲೆಗಳ ನಡುವೆ, ಒಳಕ್ಕೆ ಹೋಗುವ ಮುನ್ನ, ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದೆ. ಅರ್ಧ ಮೈ ಎಲೆಯ ಮರೆಯಲ್ಲಿದೆ. ನೆರೆಯವರು, "ಹೋದ ಸಲದ್ದೇ ಚೆನ್ನಾಗಿತ್ತು" ಎಂದರು. ಮೇಷ್ಟರು ಪಟವನ್ನು ಕಿಟಕಿಯ ಬಳಿಗೆ ಒಯ್ದು ನೋಡಿ, ಹಕ್ಕಿಯ ಹಿಂದಣ ಒಣರೆಂಬೆಯು ಬಿಳುಪಾಗಿ ಕಣ್ಣನ್ನು ಆ ಕಡೆಗೇ ಎಳೆಯುತ್ತದೆಂದರು. ಹಕ್ಕಿಯು ಪ್ರತಿಸಲವೂ ಮೊದಲು ಬಂದು ಕೂರುವುದು ಆ ರೆಂಬೆಯ ಮೇಲೆಯೇ, ಆದುದರಿಂದ ಅದು ಇರತಕ್ಕದ್ದೆಂದು ತರುಣನು ವಾದಿಸಿದನು. ಮೇಷ್ಟರು ಒಪ್ಪಲಿಲ್ಲ. ರೆಂಬೆಯು ಪಟದಲ್ಲಿಯೇ ಉಳಿಯಿತು.