ಬಿಸಿಲು ಒಂದೇ, ಬೇಡಿಕೆ ಎರಡು

ಏಪ್ರಿಲ್ 21, 2025. ಚಾಮರಾಜನಗರ

ಸೂರ್ಯ ನೆತ್ತಿಯ ಮೇಲೆ. 12 ಡಿಗ್ರಿ ಅಕ್ಷಾಂಶದ ಆಸುಪಾಸಿನ ನಮ್ಮೂರಿನಲ್ಲಿ ಈ ವಾರ ನಡು ಮಧ್ಯಾಹ್ನದ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಪಾಲಿಟೆಕ್ನಿಕ್ ತಾರಸಿಯಲ್ಲಿ ಪ್ರಾಜೆಕ್ಟಿನ 550 ವ್ಯಾಟ್ ಪ್ಯಾನೆಲ್ಲಿನ ಬೆನ್ನಿಗೆ ಥರ್ಮಾಮೀಟರ್ ಹಿಡಿದರೆ 63 ಡಿಗ್ರಿ.

"ಇಷ್ಟು ಬಿಸಿಲಿಗೆ ಕರೆಂಟು ಜಾಸ್ತಿ ಬರಬೇಕಲ್ವಾ ಸರ್?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕರೆಂಟು ಕೊಡುವುದು ಬೆಳಕು, ಅದನ್ನು ಕಿತ್ತುಕೊಳ್ಳುವುದು ಕಾವು. ಪ್ಯಾನೆಲ್ಲಿನ ಮೇಲೆ ಬರೆದ 550, ಸೆಲ್ಲು 25 ಡಿಗ್ರಿಯಲ್ಲಿದ್ದಾಗ ಸಿಗುವ ಲೆಕ್ಕ. ಅಲ್ಲಿಂದ ಮೇಲೇರುವ ಒಂದೊಂದು ಡಿಗ್ರಿಗೂ ಶೇ 0.35ರಷ್ಟು ಖೋತಾ. 63ಕ್ಕೆ ಹೋದರೆ ಪೂರ್ತಿ ಬಿಸಿಲಲ್ಲೂ 477 ವ್ಯಾಟ್ ಮಾತ್ರ.

ಪ್ಯಾನೆಲ್ಲಿನ ವಿಸ್ತೀರ್ಣ ಸುಮಾರು 2.6 ಚದರ ಮೀಟರ್. ಅದರ ಮೇಲೆ 2,600 ವ್ಯಾಟಿನಷ್ಟು ಬಿಸಿಲು ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಕರೆಂಟಾಗದೆ ಹೋಗುತ್ತದೆ. ಹಾಗೆ ಹೋಗುವ ಕಾವನ್ನು ನೀರಿಗೆ ಹಿಡಿದುಕೊಡುವುದೇ ಹೈಬ್ರಿಡ್ ಪ್ಯಾನೆಲ್ಲಿನ ಕೆಲಸ.

ಏಪ್ರಿಲ್ 23. ಚಾಮರಾಜನಗರ

ಪ್ಯಾನೆಲ್ಲಿನ ಬೆನ್ನಿಗೆ ತಾಮ್ರದ ಕೊಳವೆ, ಅಲ್ಯೂಮಿನಿಯಂ ತಗಡು ಕೂರಿಸಿ ನೀರು ಬಿಟ್ಟೆವು. ತಗಡು ಪ್ಯಾನೆಲ್ಲಿಗೆ ಒತ್ತಿ ಕೂತ ಕಡೆ ತಣ್ಣಗೆ, ಕೂದಲೆಳೆಯಷ್ಟು ಸಂದಿ ಉಳಿದ ಕಡೆ ಮೊದಲಿನಂತೆಯೇ ಸುಡುತ್ತಿತ್ತು. ಈ ಕೆಲಸದ ಜಾಣ್ಮೆಯೆಲ್ಲ ಅಂಟಿಸುವುದರಲ್ಲೇ ಇದೆ.

ನೀರು ಜೋರಾಗಿ ಹರಿಸಿದಾಗ ಬೆನ್ನು 42ಕ್ಕೆ ಇಳಿಯಿತು. ಲೆಕ್ಕಕ್ಕೆ 517 ವ್ಯಾಟ್, ಅಂದರೆ 40 ವ್ಯಾಟ್ ಲಾಭ. ಆದರೆ ಹೊರಬಂದ ನೀರು ಬರೀ ಉಗುರುಬೆಚ್ಚಗೆ. ಹರಿವು ತಗ್ಗಿಸಿದರೆ ನೀರು ಕಾಯುತ್ತದೆ, ಜೊತೆಗೆ ಸೆಲ್ಲೂ ಕಾಯುತ್ತದೆ. 60 ಡಿಗ್ರಿಯ ನೀರು ಬೇಕೆಂದರೆ ಸೆಲ್ಲು ಅದಕ್ಕಿಂತ ಬಿಸಿಯಾಗಿರಲೇಬೇಕು. ತಂಪು ಮಾಡಿದ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಮೇಲೊಂದು ಗಾಜು ಮುಚ್ಚಿದರೆ ನೀರಿಗೆ ಅನುಕೂಲ, ಕರೆಂಟಿಗೆ ಇನ್ನಷ್ಟು ನಷ್ಟ.

ಮಾರುವವರು ಕರೆಂಟು, ಕಾವು ಎರಡನ್ನೂ ಕೂಡಿಸಿ "ಒಟ್ಟು ದಕ್ಷತೆ ಶೇ 70" ಎನ್ನುತ್ತಾರೆ. ಈ ಕೂಡಿಕೆ ನನಗೆ ಒಪ್ಪಿಗೆಯಿಲ್ಲ. ಒಂದು ಯೂನಿಟ್ ಕರೆಂಟಿನಿಂದ ಹೀಟ್ ಪಂಪು ಮೂರು ಯೂನಿಟ್ ಕಾವು ಎತ್ತಿಕೊಡಬಲ್ಲದು. ಬೆಚ್ಚಗಿನ ನೀರಿನಿಂದ ಫ್ಯಾನು ತಿರುಗಿಸಲು ಆಗುವುದಿಲ್ಲ.

ಡಿಸೆಂಬರ್ 14. ಗುಂಡ್ಲುಪೇಟೆ

ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ. ಬಚ್ಚಲ ಹಂಡೆಗೆ ಅಕ್ಕ ಆಗಲೇ ಉರಿ ಹಾಕಿದ್ದಳು. ಹೈಬ್ರಿಡ್ ಪ್ಯಾನೆಲ್ ಹಾಕಿಸೋಣವೇ ಎಂದು ಭಾವ ಕೇಳಿದ್ದಕ್ಕೆ ನಾನು ಪೆನ್ನು ಹಿಡಿದು ಕೂತರೆ, ಅವಳು ಒಂದೇ ಮಾತಿನಲ್ಲಿ ಹೇಳಿದಳು: "ಕರೆಂಟು ಎಷ್ಟಾರ ಬರ್ಲಿ ಕನಪ್ಪ, ಬೆಳಿಗ್ಗೆ ಎದ್ದಾಗ ನೀರು ಹುಯ್ಕೊಳಕ್ಕೆ ಬಿಸಿಯಾಗಿರ್ಬೇಕು."

ಈ ಚಳಿಗೆ ತೊಟ್ಟಿಯ ನೀರು 20 ಡಿಗ್ರಿ. ಸ್ನಾನಕ್ಕೆ 45 ಬೇಕು. ಹೈಬ್ರಿಡ್ ಪ್ಯಾನೆಲ್ ಹಗಲೆಲ್ಲ ದುಡಿದು, ಟ್ಯಾಂಕಿನಲ್ಲಿ ರಾತ್ರಿ ಆರಿದ್ದು ಕಳೆದು, ಬೆಳಿಗ್ಗೆಗೆ 36 ಉಳಿಸಿಕೊಟ್ಟರೂ ಸೌದೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಕಡಿಮೆಯೇನಲ್ಲ. ಆದರೂ ಹಂಡೆ ಒಲೆ ಆರುವುದಿಲ್ಲ. ಇಲ್ಲಿನ ಬೋರ್‌ವೆಲ್ ನೀರಿನದು ಇನ್ನೊಂದು ಚಿಂತೆ: ಭಾವ ತೋರಿಸಿದ ಹಳೆ ಗೀಸರ್ ಕಾಯಿಲಿನ ಮೇಲೆ ಬೆರಳಿನ ದಪ್ಪ ಸುಣ್ಣ ಕಟ್ಟಿತ್ತು. ಪ್ಯಾನೆಲ್ಲಿನ ಸಣ್ಣ ಕೊಳವೆಗೆ ಆ ನೀರನ್ನು ನೇರವಾಗಿ ಬಿಡಬಾರದು. ಒಳಗೆ ಒಳ್ಳೆ ನೀರೇ ಸುತ್ತುತ್ತಾ, ಕಾವನ್ನಷ್ಟೇ ಟ್ಯಾಂಕಿಗೆ ದಾಟಿಸಬೇಕು. ಅದಕ್ಕೆ ಪಂಪು, ಖರ್ಚು ಬೇರೆ.

ಇವರ ತಾರಸಿ ವಿಶಾಲವಾಗಿದೆ. ನೀರಿಗೆ ಟ್ಯೂಬಿನ ಸೋಲಾರ್, ಕರೆಂಟಿಗೆ ಬೇರೆ ಪ್ಯಾನೆಲ್ ಹಾಕಿಸಿ ಎಂದೆ. ಮನೆ ಮೇಲಿನ ಕರೆಂಟಿನ ಪ್ಯಾನೆಲ್ಲಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನವೂ ಇದೆ.

ಹೈಬ್ರಿಡ್ಡಿಗೆ ತಕ್ಕ ಜಾಗ ಬೇರೆ: ತಾರಸಿ ಕಿರಿದಾಗಿ, ಹಗಲಿಡೀ ಬೆಚ್ಚಗಿನ ನೀರು ರಾಶಿಯಾಗಿ ಬೇಕಾದ ಕಡೆ. ಹಾಸ್ಟೆಲ್ಲು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ನಮ್ಮ ಜಿಲ್ಲೆಯ ರೇಷ್ಮೆ ರೀಲರುಗಳ ಬಾಯ್ಲರಿಗೆ ಹೋಗುವ ನೀರು. ಅಲ್ಲಿ 40 ಡಿಗ್ರಿವರೆಗೆ ಬಿಸಿಲು ಕಾಯಿಸಿಕೊಟ್ಟರೆ ಸಾಕು, ಮಿಕ್ಕಿದ್ದನ್ನು ಬೆಂಕಿ ನೋಡಿಕೊಳ್ಳುತ್ತದೆ. ಮುಂದಿನ ಬ್ಯಾಚಿನ ಪ್ರಾಜೆಕ್ಟನ್ನು ರೀಲಿಂಗ್ ಘಟಕದಲ್ಲೇ ಮಾಡಿಸಬೇಕು.