ಮಾವನ ಮದ್ದು

ನಾಲ್ಟ್ರೆಕ್ಸೋನ್ ಎಂಬ ಗುಳಿಗೆ ನಮ್ಮ ಕುಟುಂಬಕ್ಕೆ ಪರಿಚಯವಾದುದು ಸೋದರಮಾವನಿಂದ. ಬೆಳ್ತಂಗಡಿಯ ಕಡೆಯ ಮದ್ಯವರ್ಜನ ಶಿಬಿರವೊಂದರಿಂದ ಮರಳಿದ ಮೇಲೆ ವೈದ್ಯರು ಅವರಿಗೆ ದಿನಕ್ಕೊಂದರಂತೆ 50 ಮಿಲಿಗ್ರಾಮಿನ ಗುಳಿಗೆ ಬರೆದುಕೊಟ್ಟಿದ್ದರು. ಅಫೀಮಿನ ಜಾತಿಯ ವ್ಯಸನಕ್ಕೆಂದು 1984ರಲ್ಲಿ, ಕುಡಿತಕ್ಕೆಂದು 1994ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಮದ್ದು ಅದು. ಮೂಡಬಿದಿರೆಯ ವೈದ್ಯರೊಬ್ಬರು ಅದೇ ಹೆಸರನ್ನು ನನ್ನ ತಾಯಿಯ ಚೀಟಿಯಲ್ಲಿ ಬರೆದಾಗ ಅವಳು ಕೇಳಿದ ಮೊದಲ ಮಾತು: "ಮಗಾ, ಇದು ಕುಡುಕರ ಮದ್ದಲ್ವಾ? ಅಂಗಡಿಯವ ಏನೆಂದುಕೊಂಡಾನು?"

ಅಮ್ಮ ಬೀಡಿ ಕಟ್ಟುವವಳು. ಬಂಟ್ವಾಳದ ನಮ್ಮ ಹಳ್ಳಿಯಲ್ಲಿ ಬೀಡಿಯ ಗೆರಸೆಯಿಲ್ಲದ ಮನೆ ಅಪರೂಪ. ನನ್ನ ಕಾಲೇಜಿನ ಶುಲ್ಕವೂ ಅದರಿಂದಲೇ ಬಂದುದು. ಅವಳ ಕತ್ತು, ಹೆಗಲು, ಸೊಂಟದ ನೋವನ್ನೆಲ್ಲ ನಾವು ಬೀಡಿಯ ಲೆಕ್ಕಕ್ಕೇ ಬರೆದಿದ್ದೆವು. ಆದರೆ ಎಲೆ ಮುಟ್ಟದ ದಿನಗಳಲ್ಲೂ ಮೈಯೆಲ್ಲ ನೋವು, ರಾತ್ರಿ ನಿದ್ದೆಯಿಲ್ಲ. ವೈದ್ಯರು ಇದನ್ನು ಫೈಬ್ರೊಮಯಾಲ್ಜಿಯ ಎಂದರು.

ನೋವನ್ನು ತಗ್ಗಿಸಲು ನಮ್ಮ ದೇಹವೇ ಎಂಡಾರ್ಫಿನ್ ಎಂಬ ದ್ರವ್ಯವನ್ನು ತಯಾರಿಸುತ್ತದಷ್ಟೆ. ಅದು ಬಂದು ಕೂರುವ ತಾಣಗಳನ್ನು ನಾಲ್ಟ್ರೆಕ್ಸೋನ್ ಮುಚ್ಚಿಬಿಡುತ್ತದೆ. ನೋವಿನವರಿಗೆ ಇದನ್ನು ಕೊಡುವುದು ವಿಚಿತ್ರವೇ ಸರಿ! ಆದರೆ 4.5 ಮಿಲಿಗ್ರಾಮಿನಷ್ಟು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಬಾಗಿಲು ಮುಚ್ಚಿರುವುದು ಕೆಲವೇ ಗಂಟೆ. ಆಮೇಲೆ ದೇಹ ಕೊರತೆ ತುಂಬಲು ಎಂಡಾರ್ಫಿನನ್ನು ಹೆಚ್ಚಾಗಿ ಒದಗಿಸುತ್ತದೆ ಎಂಬುದೊಂದು ಊಹೆ. ನರಮಂಡಲದ ಉರಿಯೂತ ತಗ್ಗುತ್ತದೆ ಎಂಬುದು ಇನ್ನೊಂದು.

ಊಹೆಯನ್ನು ಒರೆಗೆ ಹಚ್ಚಿದವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2009ರಲ್ಲಿ 10 ಮಂದಿ, 2013ರಲ್ಲಿ 31 ಮಂದಿ ಸ್ತ್ರೀಯರ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿ, ಹುಸಿಗುಳಿಗೆಗಿಂತ ಇದರಿಂದ ನೋವು ಹೆಚ್ಚು ತಗ್ಗಿತೆಂದರು. 2024ರಲ್ಲಿ ಡೆನ್ಮಾರ್ಕಿನವರು 99 ಮಂದಿಯ ಪ್ರಯೋಗವನ್ನು ಪ್ರಕಟಿಸಿದರು. 12 ವಾರ, 6 ಮಿಲಿಗ್ರಾಂ. ನೋವಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. "ನೂರು ಮಂದಿಗೂ ಆಗಲಿಲ್ಲವೋ?" ಎಂದಳು. ಸರಾಸರಿಯೆಂದರೆ ಏನೆಂದು ವಿವರಿಸಲು ಒಂದು ಸಂಜೆ ಹಿಡಿಯಿತು. ಹಳೆಯ, ಪೇಟೆಂಟು ಕಳೆದ ಮದ್ದು; ದೊಡ್ಡ ಪ್ರಯೋಗಕ್ಕೆ ಹಣ ಹೂಡಲು ಯಾವ ಕಂಪೆನಿಗೆ ಮನಸ್ಸಾದೀತು? ಬೀಡಿ ಕಟ್ಟುವವರ ಮೇಲೆ ಪರೀಕ್ಷಿಸುವ ಮಾತಂತೂ ದೂರ.

ಕೊನೆಗೆ, "12 ವಾರ ನೋಡುವ" ಎಂದಳು. ಅವಳು ನುಂಗುತ್ತಿದ್ದ ಟ್ರಾಮಡಾಲ್ ಎಂಬ ನೋವಿನ ಗುಳಿಗೆಯನ್ನು ವೈದ್ಯರು ಮೊದಲೇ ಬಿಡಿಸಿದ್ದರು. ಎರಡೂ ಒಟ್ಟಿಗೆ ಸಲ್ಲವು. ಅಂಗಡಿಯಲ್ಲಿ ಸಿಕ್ಕಿದ್ದು ಮಾವನ 50ರ ಗುಳಿಗೆಯೇ. ವೈದ್ಯರು ಹೇಳಿಕೊಟ್ಟಂತೆ ಅದನ್ನು 50 ಮಿಲಿಲೀಟರ್ ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೊದಲು ಒಂದೂವರೆ ಮಿಲಿಲೀಟರ್, ಆಮೇಲೆ ಮೆಲ್ಲನೆ ಹೆಚ್ಚಿಸಿ ಅಳೆಯುವ ಕೆಲಸ ಮನೆಯ ಏಕೈಕ ವಿದ್ಯಾವಂತನಾದ ನನ್ನದು.

ಈಗ ಐದನೆಯ ವಾರ. ನೋವು ಇಳಿದಿದೆಯೆಂದು ಅವಳು ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಕನಸುಗಳು ಮಾತ್ರ ಬಣ್ಣಬಣ್ಣವಾಗಿ ಬೀಳುತ್ತವಂತೆ. ವೈದ್ಯರು ಅದನ್ನು ಮೊದಲೇ ಹೇಳಿದ್ದರು. ನಿನ್ನೆಯ ಕನಸಿನಲ್ಲಿ ತೀರಿಹೋದ ಅಜ್ಜಿ ಪಕ್ಕದಲ್ಲೇ ಕುಳಿತು ಎಲೆ ಕತ್ತರಿಸಿಕೊಟ್ಟಳಂತೆ.